ಕಿವಿಯಷ್ಟೇ ಇದ್ದ ಮುಗಿಲಣ್ಣ

ಮುಗಿಲಣ್ಣನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಜಗಳೂರಿನಿಂದ ನ್ಯಾಮತಿಯವರೆಗೆ ಶಾಲೆಗೆ ಹೋದ ಮಕ್ಕಳೆಲ್ಲ ಅವನ ಕಡೆಯವರು. ಅವನ ವಿರುದ್ಧ ಮಾತಾಡಿದ ಟೀಚರು ಆ ವರ್ಷವಿಡೀ ತರಗತಿಯಲ್ಲಿ ಒಂಟಿ. ಹಾಗಾಗಿ ಎಷ್ಟೋ ವರ್ಷ ಹಲ್ಲು ಕಚ್ಚಿಕೊಂಡು ಅವನಿಗೆ ಚಪ್ಪಾಳೆ ತಟ್ಟಿದ್ದೇನೆ.

ಅವನನ್ನು ಹುಟ್ಟಿಸಿದವರು ಜಗಳೂರು ತಾಲೂಕಿನ ಶಾಲೆಯೊಂದರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಿ.ಟಿ. ಮೇಷ್ಟ್ರು. ಕೊರಳಿಗೆ ನೀಲಿ ಬೆಡ್‌ಶೀಟು, ತಲೆಗೆ ಹೆಲ್ಮೆಟ್ಟು, ಕಾಲಿಗೆ ಮೊಣಕಾಲುದ್ದದ ಫುಟ್‌ಬಾಲ್ ಸಾಕ್ಸು, ಎದೆಯ ಮೇಲೆ ಬೆಳ್ಳಿ ಕಾಗದದ ಒಂದು ಮೋಡ. ಇಷ್ಟೇ ವೇಷ. ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ರಂಗದ ಮೇಲೆ ಯಾವುದಾದರೂ ಮಗು ಕಷ್ಟಕ್ಕೆ ಸಿಕ್ಕಿಕೊಳ್ಳಬೇಕು, ಎರಡೂ ಕೈ ಮೇಲೆತ್ತಿ ‘ಮುಗಿಲಣ್ಣಾ ಬಾ’ ಎಂದು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೆ ಅವರು ಜನರ ಹಿಂದಿನಿಂದ, ಚಾಪೆಯ ಮೇಲೆ ಕೂತ ತಾಯಂದಿರನ್ನು ಹಾರಿ ದಾಟುತ್ತ ಓಡಿ ಬರುತ್ತಿದ್ದರು. ಜಗಳೂರಿನಲ್ಲಿ ಮುಗಿಲಣ್ಣ ಮಳೆ ತರಿಸಿದ; ಮಾಳಿಗೆಯ ಮೇಲಿಂದ ಇಬ್ಬರು ಹುಡುಗಿಯರು ಕೊಡ ಬಗ್ಗಿಸಿದರು. ನಾವಿಬ್ಬರೂ ಹೊನ್ನಾಳಿಗೆ ವರ್ಗವಾದ ಮೇಲೆ ಹೊಳೆ ನಿಲ್ಲಿಸಿದ. ಹೊಳೆಯೆಂದರೆ ಹೆಡ್ಮಾಸ್ಟರ ಹೆಂಡತಿಯ ನೀಲಿ ಸೀರೆ. ಬಸವಾಪಟ್ಟಣದ ಹತ್ತಿರದ ಒಂದು ಶಾಲೆಯಲ್ಲಂತೂ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದ ಡ್ರೈವರನ ಕಿವಿ ಹಿಂಡಿದ, ಆ ದಿನ ಬಿದ್ದ ಶಿಳ್ಳೆಗೆ ಶಾಮಿಯಾನವೇ ಹಾರಿಹೋಗಬೇಕಿತ್ತು.

ನನ್ನ ತಕರಾರು ಇದ್ದದ್ದು ರಂಗದ ಕೆಳಗೆ. ಹೊನ್ನಾಳಿಯ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಕಾಂಪೌಂಡಿನಿಂದ ಬಿದ್ದು ಕೈ ಮುರಿದುಕೊಂಡು, ಅರ್ಧ ಗಂಟೆ ಅಲ್ಲೇ ಮಲಗಿ ಮುಗಿಲಣ್ಣನನ್ನು ಕರೆದಳು. ಐವತ್ತು ಹೆಜ್ಜೆ ದೂರದಲ್ಲಿ ನಾವು ಆರು ಜನ ಟೀಚರುಗಳು ಕೂತು ಚಹಾ ಕುಡಿಯುತ್ತಿದ್ದೆವು. ‘ನಮ್ಮನ್ನ ಯಾಕೆ ಕರೀಲಿಲ್ಲ’ ಎಂದರೆ, ‘ನೀವು ಬೈತೀರಲ್ಲ’ ಎಂದಳು. ನಾನು ನೆಟ್ಟಗೆ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ಜಗಳ ತೆಗೆದೆ.

‘ಇರ್ಲಿ ಬಿಡ್ರೀ ಮೇಡಂ. ಮಕ್ಳಿಗೆ ಒಂದು ಧೈರ್ಯ’ ಎಂದರು ಅವರು, ವಿಸಿಲ್‌ನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

‘ಧೈರ್ಯ ಅಲ್ಲ ಸಾರ್ ಅದು, ಸುಳ್ಳು’ ಎಂದೆ. ಅವರು ನಕ್ಕರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡು ಗೆಲ್ಲುವುದು ಕಷ್ಟ, ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಸಿಟ್ಟು.

ನಾನು ಚನ್ನಗಿರಿ ತಾಲೂಕಿಗೆ, ಸಂತೇಬೆನ್ನೂರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಹಳ್ಳಿಯ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವರು ಅಲ್ಲಿ ಆಗಲೇ ಬೇರು ಬಿಟ್ಟಿದ್ದರು. ಎರಡು ವರ್ಷದ ಹಿಂದೆ ಪರಸ್ಪರ ವರ್ಗಾವಣೆ ಸಿಕ್ಕಿ ತಮ್ಮ ಜಿಲ್ಲೆಗೆ ಹೊರಟುಹೋದರು. ಬೆಡ್‌ಶೀಟು, ಹೆಲ್ಮೆಟ್ಟು ಜೊತೆಗೇ ಹೋದವು. ಇನ್ನು ಪೀಡೆ ತೊಲಗಿತು ಎಂದುಕೊಂಡರೆ, ಇದ್ದಾಗ ಇಲ್ಲದ ಕಥೆಗಳೆಲ್ಲ ಅವನು ಹೋದ ಮೇಲೆ ಹುಟ್ಟಿಕೊಂಡವು. ಕೆರೆಬಿಳಚಿ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದನಂತೆ. ನ್ಯಾಮತಿಯಲ್ಲಿ ಯಾರದೋ ಟ್ರ್ಯಾಕ್ಟರ್ ಉರುಳುವುದನ್ನು ಒಂದೇ ಕೈಯಲ್ಲಿ ತಡೆದನಂತೆ. ಕಂಡವರನ್ನು ಕೇಳಿದರೆ ಕಂಡವರು ಯಾರೂ ಇಲ್ಲ. ಶೌಚಾಲಯದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಮುಗಿಲಣ್ಣ ಬರ್ತಾನೆ’ ಎಂದು ಬರೆದಿದ್ದರು. ನಾನೇ ನೀರು ಹಾಕಿ ಒರೆಸಿದೆ, ಮಾರನೆಯ ದಿನ ಮತ್ತೆ ಬರೆದಿದ್ದರು.

ಕಳೆದ ವರ್ಷ ಗ್ಯಾದರಿಂಗ್ ಹತ್ತಿರ ಬಂದಾಗ ಹೆಡ್ಮಾಸ್ಟರು ನನ್ನನ್ನು ಕರೆಸಿದರು. ‘ಮೇಡಂ, ಈ ಸಲ ಮುಗಿಲಣ್ಣ ಬೇಕೇ ಬೇಕು. ಊರೋರು ಕೇಳ್ತಾ ಅದಾರೆ.’

‘ಎಲ್ಲಿಂದ ಹಿಡ್ಕಂಡು ಬರಾಕೆ ಹೋಗ್ಲಿ ಸಾರ್? ಅವರು ಅಲ್ಲಿ ಎಷ್ಟು ದೂರದಾಗೆ ಅದಾರೆ.’

‘ಏನರ ಮಾಡ್ರೀ. ನಾಟಕ ನಿಮ್ಮದು, ನನ್ನ ತಲೆ ತಿನ್ನಬ್ಯಾಡ್ರಿ.’

ಆಗಲೇ ನನಗೆ ಹೊಳೆದದ್ದು: ಬರದೇ ಇರಲಿ. ಮೂರು ಸಲ ಅಲ್ಲ, ಮೂವತ್ತು ಸಲ ಕರೆಯಲಿ, ಅವನು ಬರದೇ ಇರಲಿ. ಹೊಟ್ಟೆಯಲ್ಲಿದ್ದ ಹಳೆಯ ಸಿಟ್ಟಿಗೆ ಒಂದು ದಾರಿ ಸಿಕ್ಕ ಖುಷಿಯಲ್ಲಿ ಅವತ್ತೇ ಒಂಬತ್ತನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಬರೆದೆ: ‘ಮುಗಿಲಣ್ಣನನ್ನು ಕರೆದರು. ಅವನು ಬರಲಿಲ್ಲ. ಮುಂದೇನಾಯಿತು?’

ಮೂವತ್ತೆಂಟು ಜನ ಬರೆದು ಕೊಟ್ಟರು. ಮೂವತ್ತೇಳರಲ್ಲಿ ಅವನು ಬಂದೇ ಬಂದಿದ್ದ. ದಾರಿಯಲ್ಲಿ ಗಾಡಿ ಪಂಕ್ಚರ್ ಆಗಿತ್ತು, ಜ್ವರ ಬಂದಿತ್ತು, ಇನ್ನೊಂದು ಊರಲ್ಲಿ ಇನ್ನೂ ದೊಡ್ಡ ಕಷ್ಟ ಇತ್ತು, ಆದರೂ ಕೊನೆಗೆ ಬಂದ. ಮೂವತ್ತೆಂಟನೆಯದು ಮಾತ್ರ ಬೇರೆ. ಅದನ್ನು ಬರೆದವಳು ಕಿಟಕಿ ಪಕ್ಕದ ಎರಡನೇ ಬೆಂಚಿನ ಹುಡುಗಿ. ಮಾತು ಕಮ್ಮಿ, ಅಕ್ಷರ ದುಂಡು. ತಂದೆ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವವರು, ಪೋಷಕರ ಸಭೆಗೆ ಬಿಳಿ ಶರ್ಟು ಹಾಕಿಕೊಂಡು ತಪ್ಪದೆ ಬರುತ್ತಿದ್ದರು.

ಅವಳ ಮುಗಿಲಣ್ಣ ಎಲ್ಲಿಗೂ ಹೋಗಿರಲಿಲ್ಲ. ಶಾಲೆಯ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ. ಅವನಿಗೆ ಮುಖವಿಲ್ಲ, ಕೈಯಿಲ್ಲ, ಇರುವುದು ಎರಡು ದೊಡ್ಡ ಕಿವಿ. ಊರಲ್ಲಿ ಯಾವ ಮಗು ಕರೆದರೂ ಕೇಳಿಸಿಕೊಳ್ಳುತ್ತಾನೆ, ಕೇಳಿಸಿಕೊಂಡಷ್ಟೂ ಕಿವಿ ಬೆಳೆಯುತ್ತದೆ. ಅವನಿಗೆ ಅದೇ ಊಟ. ಕೆಳಗೆ ಒಂದು ಮನೆ. ಮನೆಯಲ್ಲಿ ಒಬ್ಬ ಅಕ್ಕ. ‘ಯಾರೋ ನಾಲ್ಕು ಜನ ಒಳಗೆ ಬರುತ್ತಾರೆ’ ಎಂದು ಬರೆದಿದ್ದಳು. ‘ಅವರು ಚಹಾ ಕುಡಿಯುತ್ತಾರೆ. ಅಕ್ಕನ ಕಾಲು ನೋಡುತ್ತಾರೆ. ನಡೆದು ತೋರಿಸು ಅನ್ನುತ್ತಾರೆ. ಅಕ್ಕ ನಡೆಯುತ್ತಾಳೆ. ಕೂದಲು ಬಿಚ್ಚಿ ತೋರಿಸು ಅನ್ನುತ್ತಾರೆ. ಅಕ್ಕ ಬಿಚ್ಚುತ್ತಾಳೆ. ಅಕ್ಕ ಮನಸ್ಸಿನಲ್ಲೇ ಮುಗಿಲಣ್ಣನನ್ನು ಕರೆಯುತ್ತಾಳೆ.’ ಕೊನೆಗೆ ಅವನು ಟ್ಯಾಂಕಿನಿಂದ ಇಳಿದು ಬಂದು ಅಕ್ಕನ ಪಕ್ಕದಲ್ಲಿ ಕೂತು ಪ್ರೀತಿಯಿಂದ ಹೇಳುತ್ತಾನೆ: ‘ಕೇಳಿಸ್ತು. ಎಲ್ಲಾ ಕೇಳಿಸ್ತು.’ ಅಷ್ಟೇ ಹೇಳಿ ವಾಪಸು ಟ್ಯಾಂಕು ಹತ್ತುತ್ತಾನೆ.

ಓದಿ ನನ್ನ ಮೈ ಜುಮ್ಮೆಂದಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘ನೋಡ್ರಿ, ನನ್ನ ಹುಡುಗಿ ಹೆಂಗೆ ಬರ್ದಾಳೆ! ದೆವ್ವದ ಕಥೆ ಅಂದ್ರೆ ಹಿಂಗಿರಬೇಕು’ ಎಂದು ಮೆರೆದೆ. ಆಮೇಲೆ ಕೆಂಪು ಪೆನ್ನು ಹಿಡಿದು ಕೂತೆ. ‘ಯಾರೋ ನಾಲ್ಕು ಜನ’ ಎಂದರೆ ನೋಡುವವರಿಗೆ ತಿಳಿಯುವುದಿಲ್ಲವೆಂದು ಅದನ್ನು ಹೊಡೆದು ‘ನಾಲ್ಕು ಪಿಶಾಚಿಗಳು’ ಎಂದು ಮಾಡಿದೆ. ಚಹಾ ತೆಗೆದು ರಕ್ತ ಮಾಡಿದೆ. ಕಾಲು ನೋಡುವುದು, ಕೂದಲು ಬಿಚ್ಚುವುದು ಎಳೆದಂತಾಗುತ್ತದೆಂದು ಅಡ್ಡಗೀಟು ಹಾಕಿದೆ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು ನಾನು, ಮೂರು ಊರಿನಲ್ಲಿ ಮೂರು ಗಂಡಿನ ಕಡೆಯವರ ಮುಂದೆ ನಾನೂ ನಡೆದು ತೋರಿಸಿದವಳು. ಆದರೂ ಆ ಕಾಗದದಲ್ಲಿ ನನಗೆ ಕಂಡದ್ದು ಕಲ್ಪನಾಶಕ್ತಿ.

ಹುಡುಗಿಯನ್ನು ಕರೆದು ಬೆನ್ನು ತಟ್ಟಿದೆ. ‘ಅಕ್ಕನ ಪಾತ್ರ ನೀನೇ ಮಾಡು’ ಎಂದೆ. ನಾನು ತಿದ್ದಿದ ಕಾಗದವನ್ನು ಅವಳು ಕೊನೆಯವರೆಗೆ ಓದಿದಳು.

‘ಟೀಚರ್, ಪಿಶಾಚಿ ಅಲ್ಲ ಅವರು.’

‘ಮತ್ಯಾರು?’

‘ಬಂದೋರು ಟೀಚರ್. ಸುಮ್ನೆ ಬಂದೋರು.’

‘ಹಂಗಂದ್ರೆ ಜನಕ್ಕೆ ಹೆದರಿಕೆ ಆಗಲ್ಲ ಕಣೆ’ ಎಂದೆ. ಅವಳು ತಲೆಯಾಡಿಸಿದಳು. ಬಾಗಿಲವರೆಗೆ ಹೋದವಳು ತಿರುಗಿ, ‘ಪರೀಕ್ಷೆ ಒಂದು ತಿಂಗ್ಳು ಮುಂಚೆ ಬರಿಯಾಕೆ ಬರ್ತೈತಾ ಟೀಚರ್?’ ಎಂದು ಕೇಳಿದಳು. ನಾನು ನಾಟಕದ ಗುಂಗಿನಲ್ಲಿದ್ದೆ. ‘ಮೊದ್ಲು ಓದಾಕೆ ಕಲಿ, ಆಮೇಲೆ ಮುಂಚೆ ಬರೆಯೋದು’ ಎಂದು ಗದರಿ ಕಳಿಸಿದೆ.

ಹದಿನೈದು ದಿನ ತಾಲೀಮು ನಡೆಯಿತು. ಹತ್ತನೇ ತರಗತಿಯ ಎತ್ತರದ ಹುಡುಗಿಯೊಬ್ಬಳನ್ನು ಮುಗಿಲಣ್ಣನನ್ನಾಗಿ ಮಾಡಿ, ಮೆಕ್ಕೆಜೋಳ ಒಣಹಾಕುವ ನೀಲಿ ತಾಡಪಾಲನ್ನು ಅವಳ ಮೈಗೆ ಸುತ್ತಿದೆವು. ಮುಖಕ್ಕೆ ಒಂದು ಮೊರ, ಅದರ ಎರಡೂ ಕಡೆ ರಟ್ಟಿನ ಕಿವಿ. ಪ್ರತಿ ದೃಶ್ಯಕ್ಕೂ ಇನ್ನೂ ದೊಡ್ಡ ಕಿವಿಯ ಜೋಡಿ ಬೇರೆ. ಹಿಂದೆ ಹೆಲ್ಮೆಟ್ಟು ಹಾಕಿಕೊಂಡು ಮಕ್ಕಳನ್ನು ಮರುಳು ಮಾಡಿದವನ ಗತಿ ನೋಡು ಎಂದು ನನಗೆ ಒಳಗೊಳಗೇ ಸಮಾಧಾನ. ಅಕ್ಕ ಆದವಳು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಮಾಡುತ್ತಿದ್ದಳು. ಕರೆಯುವ ದೃಶ್ಯದಲ್ಲಿ ಮಾತ್ರ ನಾನು ಎಷ್ಟು ಹೇಳಿದರೂ ಕೈ ಮೇಲೆತ್ತುತ್ತಿರಲಿಲ್ಲ. ಮೆಲ್ಲಗೆ, ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟು ಮೆಲ್ಲಗೆ ಕರೆಯುತ್ತಿದ್ದಳು. ‘ಜೋರಾಗಿ ಕೂಗು, ಹಿಂದಿನೋರಿಗೆ ಕೇಳಿಸಲ್ಲ’ ಎಂದು ಅವಳ ಮೇಲೆ ರೇಗಿದ್ದೂ ಉಂಟು.

ಇಲ್ಲಿ ಆಯೇರಿಯ ಬಗ್ಗೆ ಹೇಳಬೇಕು. ನಮ್ಮ ಕಡೆ ಹಳ್ಳಿಯ ನಾಟಕಗಳಲ್ಲಿ, ಆಟ ನಡೆಯುತ್ತಿರುವಾಗಲೇ ಪಾತ್ರಧಾರಿಯ ನೆಂಟರು ರಂಗದ ಮೇಲೆ ಹತ್ತಿ ಅವನಿಗೆ ಟವೆಲ್ಲೋ ಶರ್ಟಿನ ಬಟ್ಟೆಯೋ ಹೊದಿಸುತ್ತಾರೆ, ಜೊತೆಗೊಂದು ಚೀಟಿ ಕೊಡುತ್ತಾರೆ. ಯಾರಿಂದ ಯಾರಿಗೆ, ಸಂಬಂಧವೇನು, ಕೊಟ್ಟದ್ದೇನು ಎಂದು ಮೈಕಿನಲ್ಲಿ ಆಗಿಂದಾಗಲೇ ಓದಬೇಕು. ಓದದಿದ್ದರೆ ಕೊಟ್ಟ ಹಾಗೇ ಅಲ್ಲ, ವರ್ಷಗಟ್ಟಲೆ ಮುನಿಸು. ಸತ್ತುಬಿದ್ದ ರಾಕ್ಷಸ ಎದ್ದು ಕೂತು, ಟವೆಲ್ ಹೊದಿಸಿಕೊಂಡು, ಭಾವನಿಗೆ ನಮಸ್ಕಾರ ಮಾಡಿ ಮತ್ತೆ ಸಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ರೋಗ ಶಾಲೆಯ ಗ್ಯಾದರಿಂಗಿಗೂ ಹತ್ತಿದೆ. ಹೆಡ್ಮಾಸ್ಟರು ಒಂದು ವರ್ಷ ಬೇಡವೆಂದು ನೋಡಿದರು. ಆ ವರ್ಷ ಊರಿನಿಂದ ಶಾಮಿಯಾನವೂ ಬರಲಿಲ್ಲ, ಕುರ್ಚಿಯೂ ಬರಲಿಲ್ಲ. ಅಲ್ಲಿಗೆ ಅವರೂ ತಣ್ಣಗಾದರು. ನನ್ನ ದನಿ ದೊಡ್ಡದೆಂದು ಚೀಟಿ ಓದುವ ಕೆಲಸ ಪ್ರತಿ ವರ್ಷ ನನಗೇ.

ಕೊನೆಯ ಬಸ್ಸಿಗೆ ಎಲ್ಲರೂ ಹೊರಡಬೇಕೆಂದು ಕಾರ್ಯಕ್ರಮ ಮಧ್ಯಾಹ್ನವೇ ಇಟ್ಟಿದ್ದರು. ಮೂರು ಗಂಟೆಯ ಉರಿಬಿಸಿಲಿನಲ್ಲಿ ದೆವ್ವದ ನಾಟಕ. ಪಿಶಾಚಿಗಳು ಬೆವರುತ್ತಿದ್ದವು. ಮುಗಿಲಣ್ಣ ಮುಖವಿಲ್ಲದೆ ಟ್ಯಾಂಕಿನ ಮೇಲೆ, ಅಂದರೆ ಎರಡು ಬೆಂಚಿನ ಮೇಲೆ ಕಾಣಿಸಿಕೊಂಡಾಗ ಜನ ಮೊದಲು ಹೋ ಎಂದರು, ಆಮೇಲೆ ಗಲಿಬಿಲಿಯಾದರು. ‘ಇದೇನ್ರೀ, ನಮ್ಮ ಮುಗಿಲಣ್ಣಂಗೆ ಹಿಂಗೆ ಮಾಡೀರಿ!’ ಎಂದು ಮುಂದೆ ಕೂತ ಅಜ್ಜಿಯೊಬ್ಬರು ನನ್ನ ಕಡೆ ಕೈ ಬೀಸಿ ಬೈದರು. ನನಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಮುಗಿಲಣ್ಣನ ಚಿಕ್ಕಪ್ಪ ಹತ್ತಿ ಬಂದು ತಾಡಪಾಲಿನ ಮೇಲೆಯೇ ಚೂಡಿದಾರದ ಬಟ್ಟೆ ಹೊದಿಸಿದರು, ಒಂದು ಕಿವಿ ಕಿತ್ತು ಬಿತ್ತು. ಚೀಟಿ ಓದಿದೆ. ಪಿಶಾಚಿಗಳಿಗೂ ಸೋದರಮಾವಂದಿರಿದ್ದರು. ಅವನ್ನೂ ಓದಿದೆ.

ಅಕ್ಕನನ್ನು ಪಿಶಾಚಿಗಳು ಸುತ್ತುವರಿದಿದ್ದಾಗ ಕೆಳಗಿನಿಂದ ಒಬ್ಬ ಹೆಂಗಸು, ಹಿಂದೆ ಒಬ್ಬ ಗಂಡಸು ಮೆಟ್ಟಿಲು ಹತ್ತಿದರು. ನಾನು ಅವರನ್ನು ಹಿಂದೆ ನೋಡಿರಲಿಲ್ಲ. ಆ ಹೆಂಗಸು ರೇಷ್ಮೆ ಅಂಚಿನ ಕೆಂಪು ಸೀರೆಯನ್ನು ಹುಡುಗಿಯ ಹೆಗಲಿಗೆ ಹೊದಿಸಿ, ಉಡಿಗೆ ಕಾಯಿ, ಕುಪ್ಪಸದ ಕಣ, ಅಕ್ಕಿ ಹಾಕಿ, ಅವಳ ಕೈ ಎಳೆದುಕೊಂಡು ಹಸಿರು ಬಳೆ ತೊಡಿಸಲು ಕೂತರು. ನೂರಾರು ಜನ ಕಾಯುತ್ತಿದ್ದಾರೆ ಎಂಬ ಅವಸರವೇ ಇಲ್ಲ. ಗಂಡಸು ಚೀಟಿಯನ್ನು ನನ್ನ ಕೈಗಿಟ್ಟರು. ನಾನು ಹುಡುಗಿಯ ಹೆಸರು ಹೇಳಿ ಮುಂದೆ ಓದಿದೆ: ‘ಇವರಿಗೆ ಭಾವೀ ಅತ್ತೆ ಮಾವ, ನ್ಯಾಮತಿ ಕಡೆಯ ಬೀಗರಿಂದ ಒಂದು ಸೀರೆ, ಒಂದು ಡಜನ್ ಹಸಿರು ಬಳೆ ಆಯೇರಿ.’ ವರ್ಷಗಳ ಅಭ್ಯಾಸ, ಬಾಯಿ ಮುಂದೆ ಓಡಿತ್ತು, ತಲೆ ಆಮೇಲೆ ಬಂತು. ಜನ ಚಪ್ಪಾಳೆ ತಟ್ಟಿದರು. ಅತಿಥಿಗಳೂ ತಟ್ಟಿದರು. ಹೆಡ್ಮಾಸ್ಟರ ಎರಡು ಕೈ ಮಾತ್ರ ಒಂದಕ್ಕೊಂದು ತಾಗದೆ ನಿಂತಿದ್ದವು, ಅವರಿಗೂ ಅರ್ಥವಾಗಿತ್ತು. ಹುಡುಗಿಗೆ ಹದಿನೈದು ವರ್ಷ.

ಅವರು ಇಳಿದುಹೋದರು. ನಾಟಕ ಮುಂದುವರಿಯಬೇಕಲ್ಲ. ಹುಡುಗಿ ಆ ಸೀರೆಯಲ್ಲೇ, ಆ ಬಳೆಯಲ್ಲೇ ನಿಂತು, ಹೇಳಿಕೊಟ್ಟಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಮೂರು ಸಲ ಕರೆದಳು. ಅವತ್ತು ಜೋರಾಗಿಯೇ ಕರೆದಳು. ತಾಡಪಾಲು ಸರಪರ ಎನ್ನುತ್ತ ಇಳಿದು ಬಂದು ಅವಳ ಪಕ್ಕದಲ್ಲಿ ಕೂತಿತು. ‘ಕೇಳಿಸ್ತು. ಎಲ್ಲಾ ಕೇಳಿಸ್ತು’ ಎಂದಿತು. ಜನ ನಕ್ಕರು. ನಾನು ಹೊಡೆದುಹಾಕಿದ್ದ ಆ ಸಾಲುಗಳು, ಚಹಾ, ಕಾಲು, ಬಿಚ್ಚಿದ ಕೂದಲು, ಒಂದೊಂದಾಗಿ ನೆನಪಾಗುತ್ತಿದ್ದವು. ನಾಚಿಕೆಯಿಂದ ಸತ್ತು ಹೋಗುವ ಹಾಗಾಯಿತು. ಆದರೆ ಸಾಯಲಿಲ್ಲ, ಮುಂದಿನ ಕಾರ್ಯಕ್ರಮ ಕೋಲಾಟ ಎಂದು ಹೇಳಿದೆ. ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದೆ. ಅವತ್ತು ನಾನು ಮಾಡಿದ್ದು ಇಷ್ಟೇ.

ಮಾರನೆಯ ದಿನ ಭಾನುವಾರ. ಸಂತೇಬೆನ್ನೂರಿನ ನನ್ನ ಬಾಡಿಗೆ ಮನೆಗೆ ಬೆಳಿಗ್ಗೆಯೇ ಹೆಡ್ಮಾಸ್ಟರು ಬಂದರು, ಜೊತೆಗೆ ಬಿಳಿ ಶರ್ಟಿನಲ್ಲಿ ಹುಡುಗಿಯ ತಂದೆ. ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಚಹಾ ಮಾಡಿ ಕೊಟ್ಟೆ. ಹೆಡ್ಮಾಸ್ಟರೇ ಮಾತು ತೆಗೆದರು.

‘ಮೇಡಂ, ಆ ಚೀಟಿ ಕೊಟ್‌ಬಿಡ್ರಿ. ಹೆಂಗಸರು, ತಿಳೀದೆ ಬರ್ಸಿದ್ದು. ಯಾರರ ಕೇಳಿದ್ರೆ ನಾಟಕದಾಗಿನ ಮಾತು ಅಂದ್ರಾತು.’

‘ಮದುವೆ ಯಾವಾಗ?’ ಎಂದು ನಾನು ತಂದೆಯನ್ನೇ ಕೇಳಿದೆ.

‘ಗುರುವಾರ ರೀ. ಅವರ ಮನೆದೇವರ ಗುಡಿಯಾಗೆ. ದೊಡ್ಡದೇನಲ್ಲ’ ಎಂದರು, ಮುಚ್ಚುಮರೆಯೇ ಇಲ್ಲದೆ. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ, ಬೇಜಾರಿತ್ತು. ನಾನೇ ಏನೋ ಮಾತಿಗೆ ತಪ್ಪಿದ್ದೇನೆ ಎಂಬ ಹಾಗೆ ನೋಡುತ್ತಿದ್ದರು.

‘ಗುಟ್ಟಾಗಿ ಮಾಡೋ ಮದುವೇನ ಮೈಕಿನಾಗೆ ಓದಿಸ್ತಾರೇನ್ರೀ ಯಾರಾದ್ರೂ?’ ಎಂದೆ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಅದು ನಿಜಕ್ಕೂ ಅರ್ಥವಾಗಿರಲಿಲ್ಲ.

ಅವರು ಲೋಟ ಕೆಳಗಿಟ್ಟರು. ‘ಗುಟ್ಟಾಗೇ ಇತ್ತು ಟೀಚರಮ್ಮೋರೆ. ಆದ್ರೆ ನಮ್ಮುಡುಗಿ, ನಾನು ಟೀಚರ್‌ಗೆ ಎಲ್ಲಾ ಬರ್ದು ಕೊಟ್ಟೀನಿ, ಅವರು ಬಂದೇ ಬರ್ತಾರೆ, ನಿಮ್ಮನ್ನ ಬಿಡಲ್ಲ ಅಂತ ಮನೆಯಾಗೆ ಹಟ ಹಿಡಿದ್ಲು. ನಾವು ಹೆದರಿಕಂಡು ಬೀಗರಿಗೆ ಬರಬ್ಯಾಡ್ರಿ ಅಂತ ಹೇಳಿದ್ವಿ. ಹದಿನೈದು ದಿನ ಕಾದ್ವಿ. ನೀವು ಬರ್ಲಿಲ್ಲ, ಒಂದು ಮಾತು ಕೇಳ್ಲಿಲ್ಲ. ಬರ್ದದ್ದು ಓದೀರಿ ಅನ್ನೋದು ಗೊತ್ತಿತ್ತು, ಕೆಂಪು ಪೆನ್ನಾಗೆ ತಿದ್ದಿದ್ದು ನಾನೇ ನೋಡಿದ್ದೆ. ದೊಡ್ಡೋರು, ತಿಳಿದೋರು, ಮನಸಿನಾಗೆ ಒಪ್ಯಾರೆ ಅಂದ್ಕಂಡ್ವಿ. ಟೀಚರೇ ಒಪ್ಪಿದ ಮ್ಯಾಲೆ ನಾಕು ಜನದ ಮುಂದೆ ಆಯೇರಿ ಮಾಡಾಕೆ ಏನಡ್ಡಿ ಅಂತ ಬೀಗಿತಿ ಚೀಟಿ ಬರೆಸಿದ್ಲು.’

ಹೆಡ್ಮಾಸ್ಟರು ನನ್ನ ಮುಖ ನೋಡಿದರು. ಅವರಿಗೆ ಇದು ಹೊಸ ಸುದ್ದಿ.

ಯಾರ ಮೇಲೆ ಹಾಯಬೇಕೆಂದು ನನಗೆ ತಿಳಿಯಲಿಲ್ಲ. ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನಿಸಿತು; ಹಿಡಿದು ಏನನ್ನಲಿ? ಹದಿನೈದು ದಿನ ಆ ಹುಡುಗಿ ಮನೆಯಲ್ಲಿ ನನ್ನ ಹೆಸರು ಹೇಳಿಕೊಂಡು ತಡೆದು ನಿಂತಿದ್ದಳು. ಪ್ರತಿದಿನ ತಾಲೀಮಿಗೆ ಬಂದು ನನ್ನ ಮುಖ ನೋಡಿ ಹೋಗಿದ್ದಳು. ನಾನು ಅವಳಿಗೆ ಜೋರಾಗಿ ಕೂಗಲು ಹೇಳಿಕೊಡುತ್ತಿದ್ದೆ.

‘ಚೀಟಿ ಕೊಡಲ್ಲ’ ಎಂದೆ.

‘ಮೇಡಂ, ಊರಿನ ಮಾತೈತಿದು. ನಾಳೆ ನೀವು ಇದೇ ಊರಾಗೆ ಪಾಠ ಮಾಡಬೇಕು’ ಎಂದರು ಹೆಡ್ಮಾಸ್ಟರು.

‘ಮಾಡ್ತೀನಿ ಸಾರ್. ನೀವು ಹೊರಡ್ರಿ. ಹಣ್ಣು ತಗಂಡು ಹೋಗ್ರಿ.’

ಅವರು ಹಣ್ಣು ಬಿಟ್ಟೇ ಹೋದರು. ತಂದೆ ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತ, ‘ಮೊದ್ಲೇ ಅಂದಿದ್ರೆ ನಾವೇ ಬಿಡ್ತಿದ್ವೇನೋ. ಈಗ ಮಂದಿ ಮುಂದೆ ನಮ್ಮ ಮುಖಕ್ಕೆ ಮಸಿ ಬಳೀತೀರಿ’ ಎಂದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಜವಿದ್ದರೂ ಇರಬಹುದು, ಅದಕ್ಕೇ ಆ ಮಾತು ನುಂಗಲಾಗುವುದಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಚನ್ನಗಿರಿಗೆ ಹೋದೆ. ಮಕ್ಕಳ ಮದುವೆಯ ದೂರು ತೆಗೆದುಕೊಳ್ಳುವ ಕಚೇರಿ ಇನ್ನೂ ಬಾಗಿಲು ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕೂತೆ. ಅಧಿಕಾರಿಯಾಗಿದ್ದವರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಚುರುಕು. ಚೀಟಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ‘ಇಷ್ಟು ವರ್ಷದಾಗೆ ಗಂಡಿನ ಕಡೆಯೋರೇ ಸಾಕ್ಷಿ ಬರ್ದು ಕೊಟ್ಟಿದ್ದು ಇದೇ ಮೊದಲು ರೀ’ ಎಂದರು. ಊರಿನ ಫೋಟೋದವನು ವಿಡಿಯೋ ಮಾಡಿದ್ದನೆಂದು ಹೇಳಿದೆ, ತರಿಸಿಕೊಂಡರು. ಅದರಲ್ಲಿ ನನ್ನದೇ ದನಿ, ನಗುನಗುತ್ತ ಓದುತ್ತಿದ್ದೇನೆ. ದೂರು ಬರೆದುಕೊಳ್ಳುವಾಗ ಅವರು ಪೆನ್ನು ಎತ್ತಿ ಕೇಳಿದರು: ‘ನಿಮಗೆ ಯಾವಾಗ ಗೊತ್ತಾಯ್ತು?’

‘ಶನಿವಾರ’ ಎಂದೆ. ಅವರು ಬರೆದುಕೊಂಡರು. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋದವಳು ವಾಪಸು ಬಂದೆ. ‘ಶನಿವಾರ ಅಲ್ಲ. ಹುಡುಗಿ ಹದಿನೈದು ದಿನ ಮೊದಲೇ ನನಗೆ ಬರೆದು ಕೊಟ್ಟಿದ್ದಳು. ನಾನು ಓದಿದ್ದೆ. ಹಾಗೇ ಬರೀರಿ’ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಶನಿವಾರವನ್ನು ಹೊಡೆದು ಹಾಗೇ ಬರೆದರು. ಈ ಸಲ ನಗಲಿಲ್ಲ.

ಬುಧವಾರ ಜೀಪು ಬಂತು. ಹುಡುಗಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ಎರಡೂ ಕಡೆಯವರಿಂದ ಮುಚ್ಚಳಿಕೆ ಬರೆಸಿಕೊಂಡರು. ಬೀಗಿತಿಯಾಗಬೇಕಿದ್ದವರು ಶಾಲೆಯ ಗೇಟಿನವರೆಗೆ ಬಂದು, ನಾನು ಸೀರೆ ತಿಂದವಳು, ಮದುವೆ ಮುರುಕಿ, ನನ್ನ ಮಕ್ಕಳಿಗೂ ಹೀಗೇ ಆಗಲಿ ಎಂದು ಬಾಯಿಗೆ ಬಂದಂತೆ ಬೈದರು. ನನಗೆ ಮಕ್ಕಳಿಲ್ಲ. ಸೀರೆಯನ್ನು ಅವರೇ ಇಸಕೊಂಡು ಹೋಗಿದ್ದರು. ಊರಿನಲ್ಲಿ ನನಗೆ ಹೂ ಕೊಡುತ್ತಿದ್ದವಳು ಹೂ ನಿಲ್ಲಿಸಿದಳು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಇದಕ್ಕೆಲ್ಲ ನಾನು ಹೆದರುವವಳಲ್ಲ, ಬೈಗುಳಕ್ಕೆ ಬೈಗುಳ ನನ್ನ ಹತ್ತಿರವೂ ಇದೆ. ಹೆಡ್ಮಾಸ್ಟರು ಆಮೇಲೆ ಭಾಷಣವೊಂದರಲ್ಲಿ ‘ನಮ್ಮ ಶಾಲೆ ತಡೆದ ಬಾಲ್ಯವಿವಾಹ’ ಎಂದು ಹೇಳಿಕೊಂಡರು. ಕೇಳಿ ಮೈ ಉರಿಯಿತು, ಎದ್ದು ಹೊರಗೆ ಹೋದೆ.

ಹುಡುಗಿ ಮಾರ್ಚಿನಲ್ಲಿ ಎಲ್ಲರ ಜೊತೆ ಪರೀಕ್ಷೆ ಬರೆದಳು. ಪಾಸಾದಳು. ಈಗ ಹತ್ತನೇ ತರಗತಿ. ಗಣಿತದ ಮೇಷ್ಟ್ರು, ಇಂಗ್ಲಿಷ್ ಮೇಡಂ ಎಲ್ಲರೂ ಅವಳ ಬಗ್ಗೆ ಹೇಳುತ್ತಾರೆ: ಮೊದಲಿಗಿಂತ ಎಷ್ಟೋ ಚುರುಕಾಗಿದ್ದಾಳೆ, ಪ್ರಶ್ನೆ ಕೇಳುತ್ತಾಳೆ, ಜಗಳಕ್ಕೂ ನಿಲ್ಲುತ್ತಾಳೆ. ಕಾರಿಡಾರಿನಲ್ಲಿ ಅವಳ ದನಿ ನನಗೂ ಕೇಳಿಸುತ್ತದೆ. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾಳೆ, ಕೊಟ್ಟ ಕೆಲಸ ಮಾಡುತ್ತಾಳೆ, ದುಂಡು ಅಕ್ಷರದಲ್ಲಿ ಪಾಠದಲ್ಲಿರುವುದನ್ನಷ್ಟೇ ಬರೆದು ಕೊಡುತ್ತಾಳೆ. ಅದಕ್ಕಿಂತ ಒಂದು ಸಾಲು ಹೆಚ್ಚಿಗೆ ಇರುವುದಿಲ್ಲ.

ಜೂನ್‌ನಲ್ಲಿ ಒಮ್ಮೆ ಅವಳನ್ನು ಸ್ಟಾಫ್ ರೂಮಿಗೆ ಕರೆದು, ಬೇರೆ ಯಾರೂ ಇಲ್ಲದಾಗ, ‘ತಪ್ಪು ನನ್ನದು ಕಣೆ’ ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತದು. ಅವಳು ಕೇಳಿಸಿಕೊಂಡಳು. ‘ಹೋಗ್ಲಾ ಟೀಚರ್? ಬೆಲ್ ಆತು’ ಎಂದಳು. ಬೆಲ್ ಆಗಿರಲಿಲ್ಲ. ಹೋಗು ಎಂದೆ.

ಬೆಳಿಗ್ಗೆ ಮೊದಲ ಅವಧಿ ನನ್ನದೇ, ಹಾಜರಿ ನಾನೇ ತೆಗೆದುಕೊಳ್ಳಬೇಕು. ಒಬ್ಬೊಬ್ಬರ ಹೆಸರು ಕರೆಯುತ್ತೇನೆ, ‘ಎಸ್ ಟೀಚರ್’ ಎನ್ನುತ್ತಾರೆ. ಅವಳ ಹೆಸರು ಕರೆದಾಗ ಅವಳು ಕಿಟಕಿಯಾಚೆ ನೋಡುತ್ತಿರುತ್ತಾಳೆ. ಪಕ್ಕದಲ್ಲಿ ಕೂತವಳು ‘ಬಂದಾಳೆ ಟೀಚರ್’ ಎಂದು ಅವಳ ಪರವಾಗಿ ಹೇಳುತ್ತಾಳೆ. ತಲೆ ಎತ್ತಿ ನೋಡಿದರೆ ಅವಳು ಬಂದಿರುತ್ತಾಳೆ, ನಿಜ. ನಾನು ಹಾಜರಿ ಹಾಕಿ ಮುಂದಿನ ಹೆಸರು ಕರೆಯುತ್ತೇನೆ. ಅಷ್ಟಾದರೂ ಆಯಿತಲ್ಲ ಎಂದು ದಿನಾ ಅಂದುಕೊಳ್ಳುತ್ತೇನೆ, ಅಷ್ಟು ಸಾಲದೆಂದು ನಮ್ಮಿಬ್ಬರಿಗೂ ಗೊತ್ತಿದೆ.